ಎಡಗಡೆಯ ಚಕ್ರದ ಸದ್ದು

ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ಊರಿಂದ ಬಂದ ನೆಂಟರು ಯಾರಾದರೂ ಊಟ ಮುಗಿಸಿ, ಅಲ್ಲಿ ಯಾರದೋ ಸ್ವರ ಕೇಳಿಸಿತು, ಇಲ್ಲಿ ಯಾರೋ ಕಾಣಿಸಿದರು ಎಂದು ಶುರು ಮಾಡಿದರೆ, ಆಗ ನಿಮ್ಮ ಜೊತೆ ಬೇರೆ ಯಾರಿದ್ದರು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನನ್ನ ಜೊತೆ ಇಬ್ಬರಿದ್ದರು. ಅದರಿಂದ ನನಗೇನೂ ಅನುಕೂಲವಾಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಅಕ್ಕನ ಗಂಡ, ಸದಾನಂದ ಭಾವ, ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟ್ರಕ್ಕು ರಿಪೇರಿ ಮಾಡಿದವರು. ನಿವೃತ್ತರಾದ ಮರುವರ್ಷವೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಮೆಲ್ಲಗೆ ಸುಧಾರಿಸಿತು, ಮಾತು ಮಾತ್ರ ಬರಲಿಲ್ಲ. ನೀರು ಬೇಕಾದರೂ 'ಆ', ನೋವಾದರೂ 'ಆ'. ನೆರೂಳದಲ್ಲಿ ಮಾತು ಕಲಿಸುವ ಡಾಕ್ಟರೊಬ್ಬರಿದ್ದರು. ನನ್ನ ಮನೆಯೂ ನೆರೂಳದಲ್ಲೇ ಇದ್ದುದರಿಂದ, ಪ್ರತಿ ಶನಿವಾರ ಬೆಳಿಗ್ಗೆ ಡೊಂಬಿವಲಿಗೆ ಹೋಗಿ ಅಕ್ಕ ಭಾವನನ್ನು ಕರೆತರುವ ಕೆಲಸ ನನ್ನದಾಯಿತು.

ಅದೇ ದಿನಗಳಲ್ಲಿ ನನ್ನ ಹಳೆಯ ಕಾರಿನಲ್ಲಿ ಒಂದು ಸದ್ದು ಶುರುವಾಗಿತ್ತು. ಸ್ಪೀಡ್ ಬ್ರೇಕರ್ ಮೇಲೆ ನಿಧಾನಕ್ಕೆ ಹತ್ತಿಸಿ ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಎಡ ಚಕ್ರದ ಹತ್ತಿರ 'ಟಕ್' ಎನ್ನುತ್ತಿತ್ತು. ಕಾಮೋಠೆಯ ಗ್ಯಾರೇಜಿನ ಸಲೀಂ ಭಾಯಿ ಲಿಂಕ್ ರಾಡ್ ಬದಲಾಯಿಸಿದರು. ಎರಡು ದಿನ ಸುಮ್ಮನಿದ್ದ ಸದ್ದು ಮತ್ತೆ ಬಂತು. ಬುಶ್ ಬದಲಾಯಿಸಿದರು. ಮತ್ತೆ ಬಂತು. ಮೂರನೆಯ ಸಲ ಗಾಡಿಯನ್ನು ಜಾಕ್ ಮೇಲೆತ್ತಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಚಕ್ರವನ್ನು ಗಾಡಿಗೆ ಹಿಡಿದಿಡುವ ಬಾಲ್ ಜಾಯಿಂಟ್ ಕೂಡ ಗಟ್ಟಿಯಾಗಿದೆ ಎಂದು ತೋರಿಸಿದರು. ನಾನು ಅವರನ್ನು ಕೂರಿಸಿಕೊಂಡು ಇಡೀ ಸೆಕ್ಟರ್ ಸುತ್ತಿದೆ. ಒಂದು ಸಲವೂ ಸದ್ದಾಗಲಿಲ್ಲ. "ಗಾಡಿ ಮೇ ಕುಛ್ ನಹೀ ಹೈ, ಸಾಬ್. ಆಪ್ ಬಹುತ್ ಸೋಚತೇ ಹೋ," ಎಂದರು. ನನ್ನ ಹೆಂಡತಿಯದೂ ಅದೇ ಅಭಿಪ್ರಾಯ: ಗಾಡಿಯಲ್ಲಿ ಏನೂ ಇಲ್ಲ, ನಾನೇ ಅತಿಯಾಗಿ ಯೋಚಿಸುತ್ತೇನಂತೆ.

ಆ ಶನಿವಾರ ಭಾವ ಮುಂದೆ ನನ್ನ ಪಕ್ಕದಲ್ಲಿ ಕುಳಿತಿದ್ದರು. ಅಕ್ಕ ಹಿಂದೆ. ಶಿಳ್ ಫಾಟಾ ದಾಟಿ ಮಹಾಪೆ ಕಡೆಗೆ ತಿರುಗಿದೆವು. ಮುಂದೆ ಗುಡ್ಡದ ಇಳಿಜಾರು, ಹಿಂದೆ ಮುಂದೆ ಕಂಟೇನರ್ ಲಾರಿಗಳು. ಇಳಿಜಾರು ಇನ್ನೂ ಶುರುವಾಗಿರಲಿಲ್ಲ. ಆಗ ಪಕ್ಕದಿಂದ ಸ್ಪಷ್ಟವಾಗಿ ಭಾವನ ಸ್ವರ ಕೇಳಿಸಿತು.

"ಗಾಡಿ ಉಂತಾಲ. ಬಾಲ್ ಜಾಯಿಂಟ್ ಪೋತುಂಡು."

ಮನೆಯಲ್ಲಿ ನಮ್ಮದು ತುಳು; ಅಕ್ಕನ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಗಾಡಿ ನಿಲ್ಲಿಸು, ಬಾಲ್ ಜಾಯಿಂಟ್ ಹೋಗಿದೆ ಎಂದರ್ಥ. ಅದರಲ್ಲಿ ಗಾಬರಿಯಿರಲಿಲ್ಲ. ಕೆಲಸದ ನಡುವೆ ಇನ್ನೊಬ್ಬರಿಗೆ ಸ್ಪ್ಯಾನರ್ ಕೊಡು ಎಂದು ಹೇಳುವ ಧಾಟಿ. ನಾನು ಯೋಚಿಸದೆ ಇಂಡಿಕೇಟರ್ ಹಾಕಿ ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿದೆ. ನಿಲ್ಲಿಸಿದ ಮೇಲೆಯೇ, ಈಗ ಮಾತಾಡಿದ್ದು ಎಂಟು ತಿಂಗಳಿಂದ ಮಾತಾಡದ ಮನುಷ್ಯ ಎಂಬುದು ಹೊಳೆದದ್ದು.

"ಎಂತ ಆಯ್ತು? ಯಾಕೆ ನಿಲ್ಸಿದ್ದು?" ಎಂದು ಅಕ್ಕ ಕೇಳಿದಳು.

"ಭಾವ ಮಾತಾಡಿದ್ರಲ್ಲ ಅಕ್ಕ."

"ಯಾರು ಮಾತಾಡಿದ್ದು? ನಾನು ಇಲ್ಲಿಯೇ ಕೂತಿದ್ದೇನಲ್ಲ."

ಭಾವ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನೀವೇ ಹೇಳಿದ್ದಲ್ಲವೇ ಎಂದು ಅವರ ತೋಳು ಮುಟ್ಟಿ ಕೇಳಿದೆ. ನನ್ನ ಮುಖ ನೋಡಿ, ಇಲ್ಲವೆಂದು ತಲೆಯಾಡಿಸಿದರು. ಮತ್ತೆ ಕೇಳಿದೆ. 'ಆ' ಎಂದರು, ಅಷ್ಟೇ.

ನನಗೆ ನಾಚಿಕೆಯಾಯಿತು. ಆದರೂ ಗಾಡಿ ಮುಂದೆ ಓಡಿಸಲು ಧೈರ್ಯ ಬರಲಿಲ್ಲ. ಹತ್ತಿರದ ಟಯರ್ ಅಂಗಡಿಯವನನ್ನು ಕರೆತಂದೆ. ಅವನು ಜಾಕ್ ಕೊಟ್ಟು, ಚಕ್ರದ ಕೆಳಗಿನ ತೋಳಿಗೆ ಕಬ್ಬಿಣದ ಸಲಾಕೆ ಸಿಕ್ಕಿಸಿ ಒಂದು ಸಲ ಮೀಟಿದ. ಬಾಲ್ ಜಾಯಿಂಟಿನ ಗುಂಡು ತನ್ನ ಗೂಡಿನಿಂದ ಕಳಚಿ ಹೊರಗೆ ಬಂತು. ಅವನು ಇಳಿಜಾರಿನ ಕಡೆ ಒಮ್ಮೆ ನೋಡಿದ. ಅಕ್ಕ ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಇದಕ್ಕೆ ವಿವರಣೆ ಇರಬಹುದು. ಅಂದು ಚಕ್ರದ ಸದ್ದು ಬದಲಾಗಿದ್ದು, ಅದನ್ನು ನನ್ನ ಮನಸ್ಸೇ ಗುರುತಿಸಿ ಭಾವನ ಸ್ವರದಲ್ಲಿ ಹೇಳಿತೇನೋ. ಬಾಲ್ ಜಾಯಿಂಟ್ ಎಂಬ ಮಾತು ಸಲೀಂ ಭಾಯಿ ಬಾಯಿಂದ ಕೇಳಿದ್ದೂ ಹೌದು. ಆದರೆ ಕಾರಿನ ವಿಷಯ ನಾನು ಯಾವತ್ತೂ ಯೋಚಿಸುವುದು ಹಿಂದಿಯಲ್ಲಿ. ಗ್ಯಾರೇಜಿನವರ ಜೊತೆ ಮಾತಾಡಿ ಮಾತಾಡಿ ಹಾಗಾಗಿದೆ. ತುಳುವಿನಲ್ಲಿ ನನಗೆ ಅದು ಹೊಳೆಯುವುದಿಲ್ಲ. ಇನ್ನು ಭಾವನೇ ಮಾತಾಡಿದ್ದರೆ ಅಕ್ಕನಿಗೆ ಯಾಕೆ ಕೇಳಿಸಲಿಲ್ಲ? ಅವರೇಕೆ ಇಲ್ಲವೆಂದರು? ಡಾಕ್ಟರನ್ನು ಕೇಳಿದೆ. ಗಾಬರಿಯಾದಾಗ ಕೆಲವರ ಬಾಯಿಂದ ಒಂದೆರಡು ಮಾತು ಬರುವುದುಂಟು ಎಂದರು. ಭಾವನಿಗೆ ಗಾಬರಿಯಾಗಿದ್ದಂತೆ ನನಗೆ ಕಂಡಿರಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಅಕ್ಕ ಕಾರಿನಲ್ಲಿ ಮುಂದಕ್ಕೆ ಬಾಗಿ, ಭಾವನ ಸೀಟಿನ ತಲೆದಿಂಬಿಗೆ ಕಿವಿ ತಾಗಿಸಿ ಕೂರತೊಡಗಿದಳು. ಡೊಂಬಿವಲಿಯಿಂದ ನೆರೂಳದವರೆಗೂ ಹಾಗೆಯೇ. ನಾನು ರೇಡಿಯೋ ಹಾಕುವುದನ್ನು ಬಿಟ್ಟೆ. ಮುಂದಿನ ವರ್ಷ ಭಾವ ತೀರಿಕೊಂಡರು. ಅಲ್ಲಿಯವರೆಗೂ ಒಂದು ಮಾತೂ ಬರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಲೋಕಲ್ ರೈಲು ಹಿಡಿಯಲು ಹೊರಟ ಮೇಲೆ ಅಕ್ಕ ನನ್ನ ಹತ್ತಿರ ಬಂದು ಕುಳಿತಳು. ಆ ಸಂಗತಿಯನ್ನು ಅವಳಾಗಿ ಎತ್ತಿದ್ದು ಅದೊಂದೇ ಸಲ.

"ಸ್ವರ ಹೇಗಿತ್ತು?" ಎಂದು ಕೇಳಿದಳು. "ಮೊದ್ಲಿನ ಹಾಗೆಯೇ ಇತ್ತಾ?"

ಮೊದಲಿನ ಹಾಗೆಯೇ ಇತ್ತು ಎಂದೆ. ಅದು ಸುಳ್ಳಲ್ಲ.