ಭೋಂಗಾಕ್ಕೆ ಹೊಂದಿಸಿದ ಗಿಟಾರು

ಮೊನ್ನೆ ನಮ್ಮ ಬ್ಯಾಂಡಿನ ಹಾಡುಗಾರನ ಗಿಟಾರಿನ ಹಳೆಯ ತಂತಿ ಬಿಚ್ಚುವಾಗ ನನ್ನ ಬೆರಳಿಗೆ ತುಕ್ಕಿನ ವಾಸನೆ ಹತ್ತಿತು. ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ಅವನ ಕೈ ಯಾವಾಗಲೂ ಹೀಗೇ ನಾರುತ್ತಿತ್ತು... ಊಟಕ್ಕೆ ಕೂತಾಗಲೂ.

ನಾವು ನಾಲ್ವರೂ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟರುಗಳಾಗಿದ್ದೆವು. ಹರೆಯದಲ್ಲಿ ರಾಕ್ ಬ್ಯಾಂಡ್ ಕಟ್ಟಿ ಎರಡು ಕ್ಯಾಸೆಟ್ ತಂದಿದ್ದೆವು. ಗಣಪತಿ ಪೆಂಡಾಲಿಗೆ ಕರೆಸಿ, ಎರಡನೇ ಹಾಡಿಗೇ "ಸಾಕ್ರಿ" ಎಂದವರೂ ಇದ್ದರು. ಅವನು ಮೂರನೆಯದನ್ನು ಇನ್ನೂ ಜೋರಾಗಿ ಹಾಡುತ್ತಿದ್ದ.

ಶ್ರುತಿಪೆಟ್ಟಿಗೆ ನಮ್ಮಲ್ಲಿರಲಿಲ್ಲ. ಸಂಜೆ ಪಾಳಿ ಬಿಟ್ಟಾಗ ಕೂಗುವ ಕಾರ್ಖಾನೆಯ ಸೈರನ್ನಿಗೆ ಎಲ್ಲರೂ ಭೋಂಗಾ ಎನ್ನುತ್ತಿದ್ದರು. ಆ ಭೋಂಗಾಕ್ಕೇ ಗಿಟಾರು ಹೊಂದಿಸಿಕೊಳ್ಳುತ್ತಿದ್ದೆವು. ಇಡೀ ಊರಿಗೆ ಕೇಳುವ ಸ್ವರ ತಪ್ಪಿರಲು ಹೇಗೆ ಸಾಧ್ಯ ಎಂಬ ನಂಬಿಕೆ ನಮ್ಮದು. ನಿವೃತ್ತರಾದ ಮೇಲೂ ಅವನ ಮನೆಯ ಮಾಳಿಗೆ ಹತ್ತಿ, ಭೋಂಗಾ ಆಗುವುದನ್ನೇ ಕಾಯುತ್ತ ನಿಲ್ಲುತ್ತಿದ್ದೆವು.

ಎರಡು ವರ್ಷದ ಹಿಂದೆ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. "ನಮ್ದು ಮೂರನೇ ಆಲ್ಬಮ್ ಉಳದೈತ್ರಿ," ಎಂದು ಅವನು ಹದಿನೈದು ದಿನದ ಗಡುವು ಕೇಳಿಕೊಂಡ. ದಿನವೂ ಧಾರವಾಡದ ಸ್ಟುಡಿಯೋಕ್ಕೆ ಹೋದೆವು. ನನ್ನ ಸ್ಕೂಟರಿನ ಹಿಂದೆ ಕುಳಿತು ದಾರಿಯುದ್ದಕ್ಕೂ ಕೆಮ್ಮುತ್ತಿದ್ದ. ಮೈಕಿನ ಮುಂದೆ ಮಾತ್ರ ಕೆಮ್ಮನ್ನು ಅದುಮಿ ಹಿಡಿಯುತ್ತಿದ್ದ. ಹೇಗೆ ಹಿಡಿಯುತ್ತಿದ್ದನೋ, ನನಗೆ ಇಂದಿಗೂ ತಿಳಿದಿಲ್ಲ.

ಎಂಟು ಹಾಡು ಮುಗಿದವು. ಕೊನೆಗೆ ಹೊರಗಿನಿಂದ ಕೀಬೋರ್ಡಿನವನನ್ನು ಕರೆಸಿ, ಅದನ್ನೂ ಸೇರಿಸಲು ಕೂತಾಗ, ರೆಕಾರ್ಡಿಂಗ್ ಮಾಡುತ್ತಿದ್ದ ಹೆಣ್ಣುಮಗಳು ತಲೆ ಮೇಲೆ ಕೈ ಹೊತ್ತಳು.

"ಕಾಕಾ, ಎಂಟೂ ಹಾಡಿನ ಶ್ರುತಿ ಕೆಳಗ ಐತ್ರಿ. ಕೀಬೋರ್ಡಿಗೆ ಕೂಡಂಗಿಲ್ರಿ. ಕಂಪ್ಯೂಟರಿನ್ಯಾಗ ಮ್ಯಾಲ ಏರಿಸ್ತೇನ್ರಿ, ದನೀನೂ ನುಣ್ಣಗ ಮಾಡ್ತೇನ್ರಿ."

ಭೋಂಗಾ ನಮಗೆ ಇಷ್ಟು ವರ್ಷ ಟೋಪಿ ಹಾಕಿತ್ತು. ನನಗೆ ನಾಚಿಕೆಯಾಯಿತು. ಜನ ನಗುತ್ತಾರೆ, ಸರಿ ಮಾಡಿಸೋಣ ಎಂದುಬಿಟ್ಟೆ. ಅವನು ನನ್ನ ಕಡೆ ತಿರುಗಿದ.

"ಸೋಮವಾರ ಆಪರೇಷನ್ ಆದ್ರ ನನ್ನ ದನಿ ಇರಂಗಿಲ್ಲ. ಇದ್ದದ್ದು ಇದ್ದಂಗ ಉಳೀಲಿ. ಕೀಬೋರ್ಡಿನವನ್ನ ಮನಿಗೆ ಕಳಸು."

ಕಳಿಸಿದೆವು. ಅವನ ಒಡಕು ದನಿಯನ್ನು ಯಾರೂ ಮುಟ್ಟಲಿಲ್ಲ.

ಆಪರೇಷನ್ ಆಗಿ ವಾರಕ್ಕೆ, ಆಸ್ಪತ್ರೆಯಲ್ಲಿ ಅವನ ಕಿವಿಗೆ ಹೆಡ್‌ಫೋನ್ ಹಾಕಿ ಆಲ್ಬಮ್ ಕೇಳಿಸಿದೆ. ಗಂಟಲಿಗೆ ಪಟ್ಟಿ ಕಟ್ಟಿದ್ದರು. ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳು ಎತ್ತಿದ. ಛಲೋ ಆಗಿದೆ ಎನ್ನುತ್ತಿದ್ದಾನೆ ಎಂದುಕೊಂಡೆ. ಅಲ್ಲ, ಸೌಂಡ್ ಏರಿಸು ಎನ್ನುತ್ತಿದ್ದ.

ಎಂಟು ತಿಂಗಳು ಬದುಕಿದ. ಆಮೇಲೆ...

ಆಲ್ಬಮ್ ಈಗ ಇಂಟರ್ನೆಟ್ಟಿನಲ್ಲಿದೆ. ಬರೀ ಅಪಸ್ವರ ಎಂದು ಬರೆಯುವವರು ಬರೆಯುತ್ತಾರೆ. ಬರೆಯಲಿ, ಅವರ ಹಾಡುಗಳನ್ನೂ ನಾನು ಕೇಳಿದ್ದೇನೆ. ಸರಿ ಮಾಡಿಸಿ ಮತ್ತೆ ಹಾಕಿ ಎಂದವರಿಗೂ, ಬೇರೆ ಹಾಡುಗಾರನನ್ನು ಹುಡುಕಿಕೊಳ್ಳಿ ಎಂದವರಿಗೂ ಚಹಾ ಕುಡಿಸಿ ಕಳಿಸಿದ್ದೇನೆ.

ಭಾನುವಾರ ನಾವು ಮೂವರು ಈಗಲೂ ಕೂಡಿ ಆ ಹಾಡುಗಳನ್ನು ನುಡಿಸುತ್ತೇವೆ. ಅವನ ಸಾಲು ಬಂದಾಗ ಹಾಡುವವರಿಲ್ಲ. ನನಗೆ ಅಳು ಬರುತ್ತದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಡ್ರಮ್ಮಿನವನು ನನ್ನನ್ನು ನೋಡುತ್ತಾನೆ, ಆದರೆ ಕೈ ನಿಲ್ಲಿಸುವುದಿಲ್ಲ. ನಾನೂ ನಿಲ್ಲಿಸುವುದಿಲ್ಲ.