ಸಂತೆ ದಿನದ ನೀರು

ನಮ್ಮೂರಿನಲ್ಲಿ ನನಗೊಂದು ಅಡ್ಡಹೆಸರಿದೆ: ಕಕ್ಕಸ್ ಮೆಂಬರಮ್ಮ. ಪುರಸಭೆ ಸದಸ್ಯೆಯಾಗಿ ನಾನು ಮಾಡಿಸಿದ ಚರಂಡಿ, ಹಾಕಿಸಿದ ಬೀದಿದೀಪ ಯಾರಿಗೂ ನೆನಪಿಲ್ಲ. ಹೆಸರಿಟ್ಟವರು, ಇವಳು ನಾಚಿಕೊಂಡು ಮೂಲೆ ಸೇರುತ್ತಾಳೆ ಎಂದುಕೊಂಡಿದ್ದರು. ಇವತ್ತಿಗೂ ಬೀದಿಯಲ್ಲಿ ಯಾರಾದರೂ ಹಾಗೆ ಕೂಗಿದರೆ ನಾನು ನಿಂತು, ಏನು ಸಮಾಚಾರ ಎಂದು ಕೇಳುತ್ತೇನೆ. ಕೂಗಿದವರೇ ನೆಲ ನೋಡುತ್ತಾರೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಕಡೆ ಸಿಗುವ ಸಣ್ಣ ಊರು ನಮ್ಮದು. ಸುತ್ತಲ ಹಳ್ಳಿಗಳಿಗೆಲ್ಲ ವಾರದ ಸಂತೆ ನಮ್ಮಲ್ಲೇ. ನಮ್ಮವ್ವ ಆ ಸಂತೆಯಲ್ಲಿ ಸೊಪ್ಪು ಮಾರಿ ನನ್ನನ್ನು ಸಾಕಿದಳು. ಸಂತೆ ದಿನ ಬೆಳಿಗ್ಗೆ ಅವ್ವ ಮುದ್ದೆ ಉಣ್ಣುತ್ತಿದ್ದಳು, ಆದರೆ ನೀರು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ನಾನು ನೀರು ನೀರು ಎಂದು ಗೋಳಾಡಿದರೆ ಸೊಪ್ಪಿಗೆ ಚಿಮುಕಿಸುವ ನೀರಲ್ಲೇ ಬೆರಳದ್ದಿ ನನ್ನ ತುಟಿ ಒದ್ದೆ ಮಾಡುತ್ತಿದ್ದಳು. ಗಂಡಸರಿಗೇನು, ಮೈದಾನದ ಗೋಡೆಯಿತ್ತು. ಹೆಂಗಸರಿಗೆ ಸೂರ್ಯ ಮುಳುಗುವುದೇ ಗತಿ. ಅವ್ವನಿಗೆ ವರ್ಷವೆಲ್ಲ ಉರಿಮೂತ್ರ. ಉಷ್ಣ ಎಂದರು, ಬಾರ್ಲಿ ನೀರು ಕುಡಿಸಿದರು. ಉಷ್ಣ ಯಾತಕ್ಕೆ ಆಯಿತೆಂದು ಒಬ್ಬರೂ ಕೇಳಲಿಲ್ಲ. ಕೊನೆಯವರೆಗೂ ಆ ನೋವು ಅವಳನ್ನು ಬಿಡಲಿಲ್ಲ.

ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ, ಸಹಿ ಹಾಕಲು ನಾನು, ಆಳಲು ನನ್ನ ಗಂಡ ಎಂದು ಲೆಕ್ಕ ಹಾಕಿಯೇ ನನ್ನನ್ನು ನಿಲ್ಲಿಸಿದ್ದು. ಪಾಪ, ನನ್ನ ಗಂಡನಿಗೆ ಸಭೆ ಎಂದರೆ ನಿದ್ದೆ ಬರುತ್ತದೆ. ಹಾಗಾಗಿ ಮೊದಲ ಸಭೆಗೆ ನಾನೇ ಹೋದೆ, ಸಂತೆ ಮೈದಾನದಲ್ಲಿ ಹೆಂಗಸರಿಗೆ ಶೌಚಾಲಯ ಬೇಕು ಎಂದೆ. ಮುಸಿಮುಸಿ ನಕ್ಕರು. ಹಿರಿಯ ಸದಸ್ಯರೊಬ್ಬರು, ಇಷ್ಟು ವರ್ಷ ಹೆಂಗಸರು ನಿಭಾಯಿಸಿಕೊಂಡೇ ಬಂದಿಲ್ಲವೇ ಎಂದರು. ಹೇಗೆ ನಿಭಾಯಿಸಿದರು, ನೀವೇ ಹೇಳಿ ಎಂದು ಕೇಳಿದೆ. ಅವರು ಫ್ಯಾನು ನೋಡತೊಡಗಿದರು. ಆಮೇಲೆ ಪ್ರತಿ ಸಭೆಯಲ್ಲೂ ಎದ್ದು ನಿಂತು ಅದನ್ನೇ ಹೇಳಿದೆ. ನನ್ನ ಕಾಟ ತಡೆಯಲಾರದೆಯೇ ಮಂಜೂರು ಮಾಡಿದರು ಅನ್ನುವುದು ನನಗೆ ಗೊತ್ತು. ಅದಕ್ಕೆ ನನಗೇನೂ ಬೇಜಾರಿಲ್ಲ.

ಕಟ್ಟಡ ಎದ್ದಿತು. ಬಿಳಿ ಟೈಲ್ಸು, ನಲ್ಲಿ, ಮೇಲೊಂದು ಕಪ್ಪು ಟ್ಯಾಂಕು, ಬಾಗಿಲಿಗೆ ಬೀಗ.

ನಮ್ಮ ಕಡೆ ಏನೇ ಕಟ್ಟಿದರೂ ದೊಡ್ಡವರೊಬ್ಬರು ಬಂದು ಟೇಪು ಕತ್ತರಿಸುವ ತನಕ ಅದು ಇದ್ದೂ ಇಲ್ಲದ ಹಾಗೆ. ಹೊಸ ಬಸ್ ತಂಗುದಾಣದ ಪಕ್ಕ, ಅದರ ಉದ್ಘಾಟನೆ ಆಗಿಲ್ಲವೆಂದು, ಬಿಸಿಲಲ್ಲಿ ನಿಂತು ಬಸ್ಸು ಕಾದ ಜನ ನಾವು. ನಮ್ಮ ಭಾಗದ ಮುಖಂಡರು ಮೋರಿಗೆ ಬಂದರು, ಕಮಾನಿಗೆ ಬಂದರು, ಇದಕ್ಕೆ ಮಾತ್ರ ದಿನ ಕೊಡಲಿಲ್ಲ. ಕಕ್ಕಸಿನ ಮುಂದೆ ಫೋಟೊ ತೆಗೆಸಿಕೊಳ್ಳಲು ಮುಜುಗರ, ಬೇರೆಯವರು ತೆರೆದರೆ ಅವಮಾನ. ಬೀಗಕ್ಕೆ ತುಕ್ಕು ಹಿಡಿಯಿತು.

ಬೇಸಿಗೆಯ ಒಂದು ಸಂತೆಯಲ್ಲಿ ಬೆಸಗರಹಳ್ಳಿಯ ಸೊಪ್ಪಿನ ಅಜ್ಜಿಯ ಹತ್ತಿರ ಕುಳಿತೆ. ಹಿಂದೆ ಅವ್ವನ ಪಕ್ಕದಲ್ಲೇ ಬುಟ್ಟಿ ಇಡುತ್ತಿದ್ದವಳು. ಬಿಸಿಲಿಗೆ ಅವಳ ತುಟಿ ಒಡೆದಿತ್ತು. ನನ್ನ ನೀರಿನ ಬಾಟಲಿ ಮುಂದೆ ಹಿಡಿದೆ. ಅವಳು ಕೈ ಅಡ್ಡ ಮಾಡಿದಳು.

"ಬ್ಯಾಡ ಕಣವ್ವ. ಕುಡುದ್ರೆ ಎಲ್ಲಿಗೋಗ್ಲಿ? ನೀ ಕಟ್ಸಿರೋದ ನೋಡ್ಕಂಡೇ ಕುಂತಿವ್ನಿ."

ಎದ್ದು ನೇರ ಪುರಸಭೆಗೆ ಹೋಗಿ ಅಧ್ಯಕ್ಷರ ಮುಂದೆ ನಿಂತು ಬೀಗದ ಕೈ ಕೇಳಿದೆ. ಅವರು ಕಾಫಿ ಲೋಟದಿಂದ ತಲೆ ಎತ್ತಲಿಲ್ಲ.

"ಸಾಯೇಬ್ರು ಬಂದು ಟೇಪು ಕತ್ತರ್ಸೋಗಂಟ ಯಾರೂ ಮುಟ್ಟಂಗಿಲ್ಲ ಕಣಮ್ಮ. ಇಷ್ಟ್ ದಿನ ತಡದವ್ರೆ, ಇನ್ನೊಸಿ ತಡೀಲಿ."

"ನೀವು ಬೆಳಿಗ್ಗಿಂದ ಎಷ್ಟ್ ಸಲ ಎದ್ದೋಗ್ಬಂದ್ರಿ ಅಧ್ಯಕ್ಷ್ರೆ?" ಎಂದು ಕೇಳಿ ಹೊರಬಂದೆ.

ಸಂತೆಯಲ್ಲಿ ಕುಡುಗೋಲು ಮಾರುವವನ ಹತ್ತಿರ ಸುತ್ತಿಗೆ ಕೇಳಿದೆ. ಯಾಕೆಂದು ತಿಳಿದ ಮೇಲೆ ಕೊಟ್ಟಿದ್ದನ್ನು ವಾಪಸ್ ತೆಗೆದುಕೊಂಡು ಅದಕ್ಕಿಂತ ದೊಡ್ಡದು ಕೊಟ್ಟ. ಬೀಗ ಮುರಿದು ಬಾಗಿಲು ತಳ್ಳಿದೆ. ಹೆಂಗಸರೆಲ್ಲ ಬಂದು ಇಣುಕಿದರು. ಒಬ್ಬಳಾದರೂ ಒಳಗೆ ಕಾಲಿಡಬೇಕಲ್ಲ, ಇಲ್ಲ. ಪೂಜೆ ಆಗಿಲ್ಲವಂತೆ. ಅಷ್ಟು ಬೆಳ್ಳಗಿರುವ ಜಾಗಕ್ಕೆ ಪೂಜೆಯಿಲ್ಲದೆ ಹೋಗುವುದು ಹೇಗೆ ಎಂದು ಒಬ್ಬಳ ಮುಖ ಒಬ್ಬಳು ನೋಡುತ್ತ ನಿಂತರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತೆಂಗಿನಕಾಯಿ ಮಾರುವವಳೇ ಒಂದು ಕಾಯಿ ತಂದಳು, ಹೂವಿನವಳು ಒಂದು ಮೊಳ ಕನಕಾಂಬರವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿದಳು. ಹೊಸ್ತಿಲ ಮೇಲೆ ಕಾಯಿ ಒಡೆದದ್ದು ಸೊಪ್ಪಿನ ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, ಬುಟ್ಟಿ ನೋಡಿಕೋ ಎಂದು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಅವಳ ಹಿಂದೆ ಸಾಲು ಬೆಳೆಯಿತು. ಅವಳು ಬರುವ ತನಕ ನಾನು ಅವ್ವನ ಜಾಗದ ಪಕ್ಕ ಕುಳಿತು ದಂಟಿನ ಸೊಪ್ಪು ಮಾರಿದೆ. ಯಾರೋ ನಾನೂ ಕಕ್ಕಸಿನ ಸಾಲೂ ಕಾಣುವಂತೆ ಫೋಟೊ ತೆಗೆದು ಊರಿಗೆಲ್ಲ ಕಳಿಸಿದರು. ಅಡ್ಡಹೆಸರು ಹುಟ್ಟಿದ್ದು ಅವತ್ತೇ.

ಪುರಸಭೆಯಿಂದ ನನಗೆ ನೋಟಿಸು ಬಂತು. ಅನುಮತಿಯಿಲ್ಲದೆ ಸರ್ಕಾರಿ ಕಟ್ಟಡ ತೆರೆದದ್ದು ಯಾಕೆಂದು ವಿವರಣೆ ಕೇಳಿದ್ದರು. ನನ್ನ ಗಂಡ ಹೆದರಿ, ಒಂದು ಕ್ಷಮಾಪಣೆ ಬರೆದು ಬಿಸಾಕು ಎಂದ. ನಾನು ಬರೆದುಕೊಟ್ಟದ್ದು ಇಷ್ಟು: ತೆರೆದದ್ದು ತಪ್ಪಾದರೆ ತಾವೇ ಬಂದು ಮುಚ್ಚಿ, ಆದರೆ ಸಂತೆ ದಿನವೇ ಬನ್ನಿ, ಎಲ್ಲರೂ ಅಲ್ಲೇ ಇರುತ್ತಾರೆ.

ಮುಂದಿನ ಸಂತೆಗೆ ಬೆಳಿಗ್ಗೆಯೇ ಹೋಗಿ ಬಾಗಿಲ ಮುಂದೆ ನಿಂತೆ. ಕೈಯಲ್ಲಿ ನೀರಿನ ಚೊಂಬು ಬಿಟ್ಟರೆ ಏನೂ ಇರಲಿಲ್ಲ. ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಮುಚ್ಚಲು ಪುರಸಭೆಯವರು ಬಂದರೆ ಕದಲಬಾರದೆಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದೆ. ಮಧ್ಯಾಹ್ನವಾದರೂ ಯಾರೂ ಬರಲಿಲ್ಲ. ಸೊಪ್ಪಿನ ಅಜ್ಜಿ ತನ್ನ ಬುಟ್ಟಿಯ ಹತ್ತಿರದಿಂದಲೇ ಕೈ ಬೀಸಿ ಕರೆದು ನೀರು ಕೇಳಿದಳು. ಹೋಗಿ ಚೊಂಬು ಕೊಟ್ಟೆ. ಅವಳು ಅದನ್ನು ಎತ್ತಿ, ಸಂತೆಯ ನಟ್ಟನಡುವೆ, ಎಲ್ಲರೆದುರು ಗಟಗಟನೆ ಕುಡಿದಳು. ನೀರು ಗದ್ದದಿಂದ ಇಳಿದು ಕುಪ್ಪಸ ನೆನೆಯಿತು. ನನಗೆ ಅವ್ವನ ಒದ್ದೆ ಬೆರಳು ನೆನಪಾಯಿತು. ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಖಾಲಿ ಚೊಂಬನ್ನು ನನ್ನ ಕಡೆ ಚಾಚಿದಳು.

"ಇನ್ನೊಸಿ ತತ್ತಾ."