ಅವ್ವ ಎದ್ದದ್ದು ಯಾರ ಮಾತಿಗೆ

೧೯೯೨ರಲ್ಲಿ, ಏಳನೇ ತರಗತಿಯ ನಡುವೆಯೇ ಸಾಲೆ ಬಿಟ್ಟು ನಾನು ಗೌಂಡಿ ಕೆಲಸಕ್ಕೆ ಸೇರಿದೆ. ಅಪ್ಪ ತೀರಿಹೋಗಿದ್ದ. ಮನೆಯಲ್ಲಿ ಒಬ್ಬ ದುಡಿದರೆ ಇನ್ನೊಬ್ಬ ಓದಬಹುದಿತ್ತು. ಓದಿದವನು ತಮ್ಮ. ಭಾಲ್ಕಿಯಲ್ಲಿ, ಔರಾದಿನಲ್ಲಿ, ಬೀದರ ಶಹರದಲ್ಲಿ ನಾನು ಕಟ್ಟಿದ ಗೋಡೆಗಳು ಇಂದಿಗೂ ನೆಟ್ಟಗೆ ನಿಂತಿವೆ. ಮಾಂಜರಾ ನದಿಯ ದಂಡೆಯಲ್ಲಿರುವ ನಮ್ಮ ಮನೆಯನ್ನೂ ಕೆಂಪು ಕಲ್ಲಿನಲ್ಲಿ ನಾನೇ ಕಟ್ಟಿದೆ. ಆದರೂ ಊರವರ ಬಾಯಲ್ಲಿ ಅದು ತಮ್ಮನ ಮನೆ. ಅವನು ಬೀದರಿನಲ್ಲಿ ಸರ್ಕಾರಿ ನೌಕರ. ಅದರ ಮೇಲೆ ಪ್ರಾದೇಶಿಕ ಸೇನೆಯ ಸಿಪಾಯಿ. ವರ್ಷಕ್ಕೆ ಒಂದೆರಡು ತಿಂಗಳು ವರ್ದಿ ಹಾಕುತ್ತಾನೆ. ಉಳಿದ ತಿಂಗಳೆಲ್ಲ ಆ ವರ್ದಿಯ ಫೋಟೋ ನಮ್ಮ ಪಡಸಾಲೆಯಲ್ಲಿ ಡ್ಯೂಟಿ ಮಾಡುತ್ತದೆ. ಅದಕ್ಕೆ ಮೊಳೆ ಹೊಡೆದವನೂ ನಾನೇ.

ಕೆಲವು ವರ್ಷಗಳ ಹಿಂದಿನ ಮಳೆಗಾಲ. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು. ದಂಡೆಯ ಮನೆಗಳನ್ನು ಸಂಜೆಯೊಳಗೆ ಖಾಲಿ ಮಾಡಲೇಬೇಕು, ಎಲ್ಲರೂ ಭಾಲ್ಕಿಯ ಕಾಳಜಿ ಕೇಂದ್ರಕ್ಕೆ ಹೋಗಬೇಕು ಎಂದು ಜಿಲ್ಲಾಧಿಕಾರಿಯ ಆದೇಶವಾಯಿತು. ಕಂದಾಯದವರು ಜೀಪಿನಲ್ಲಿ ಬಂದು ಮೈಕಿನಲ್ಲಿ ಕೂಗಿ ಹೋದರು. ಹೆಂಡತಿ ಮಕ್ಕಳನ್ನು ಟ್ರ್ಯಾಕ್ಟರ್ ಹತ್ತಿಸಿ ಕಳಿಸಿದೆ. ಅವ್ವ ಮಾತ್ರ ಏಳಲಿಲ್ಲ.

ಬೆಳಿಗ್ಗೆಯೇ ಅವಳು ಮುಂದೆ ನಿಂತು ನನ್ನ ಹೆಂಡತಿಯ ಕೈಯಿಂದ ನದಿಗೆ ಉಡಿ ತುಂಬಿಸಿದ್ದಳು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಹಾಗೆ ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲುಗಳನ್ನು ನೀರಿಗೆ ಬಿಡುವುದು ನಮ್ಮ ಪದ್ಧತಿ. ಉಡಿ ತುಂಬಿಸಿಕೊಂಡವಳು ತನ್ನ ದಾರಿ ಹಿಡಿದು ಹೋಗುತ್ತಾಳೆ, ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ ಎಂದು ಅವ್ವನ ಹಟ. ನಾನು ಅಂಗಳದಲ್ಲಿ ಕೋಲು ನೆಟ್ಟು ನೀರು ಏರುವುದನ್ನು ತೋರಿಸಿದೆ. ಬೈದೆ. ಎತ್ತಿಕೊಳ್ಳಲು ಬಾಗಿದರೆ ಕಂಬ ತಬ್ಬಿಕೊಂಡಳು.

"ಇದು ನೀ ಕಟ್ಟಿದ ಮನಿ ಅಲ್ಲೇನು? ನಿನಗೇ ಇದರ ಮ್ಯಾಲ ಭರವಸಾ ಇಲ್ಲ?" ಎಂದಳು.

ನಾನು ಮತ್ತೆ ಅಂಗಳಕ್ಕಿಳಿದು ಕೋಲು ನೋಡಿದೆ.

ನೀರು ಮೆಟ್ಟಿಲು ಮುಟ್ಟುವ ಹೊತ್ತಿಗೆ ರಬ್ಬರ್ ದೋಣಿಯಲ್ಲಿ ಸಿಪಾಯಿಗಳು ಬಂದರು. ಅವರಲ್ಲಿ ತಮ್ಮನೂ ಇದ್ದ. ಖುಷಿಯಾಗಬೇಕಿತ್ತು, ನನಗೆ ಹೊಟ್ಟೆ ಉರಿಯಿತು. ಮೈಕಿಗೆ ಅಲುಗಾಡದ ನೆರೆಮನೆಯವರೆಲ್ಲ ಅವನ ವರ್ದಿ ನೋಡಿ ಗಂಟು ಕಟ್ಟತೊಡಗಿದ್ದರು.

"ಸಾಹೇಬ್ರು ಬಂದ್ರು. ಹುಕುಂ ತಂದೀರೇನ್ರಿ?" ಎಂದೆ.

"ಹುಕುಂ ನಂದಲ್ಲಣ್ಣಾ, ಜಿಲ್ಲಾಧಿಕಾರಿ ಸಾಹೇಬ್ರದು. ರಾಜ್ಯ ಸರ್ಕಾರ ಕರದ್ರ ನಾವು ಬರ್ತೇವಿ, ದೋಣಿ ನಡಸ್ತೇವಿ, ಅಷ್ಟೇ. ಊರು ಖಾಲಿ ಮಾಡ್ಸೋ ಅಧಿಕಾರ ಅವ್ರ ಕೈಯಾಗ ಅದ. ನಂಗ ಯಾರಿಗೂ ಜಬರ್ದಸ್ತಿ ಮಾಡ್ಲಾಕ ಬರಲ್ಲ."

ಅದನ್ನು ಕೇಳಿ ಒಳಗೊಳಗೇ ಹಗುರಾದೆ. ವರ್ದಿ ಇದ್ದರೂ ಅಧಿಕಾರ ಇಲ್ಲ. ಅಂದರೆ ಅವನೂ ನನ್ನ ಹಾಗೆ ಕೈಮುಗಿದು ಕೇಳಬೇಕು, ಅವನಿಗೂ ಅವ್ವ ಒಲ್ಲೆ ಅನ್ನಬೇಕು. ನೀರು ಏರುತ್ತಿರುವಾಗಲೂ ಆ ಒಂದು ಮಾತಿಗೆ ನಾನು ಕಾದು ನಿಂತಿದ್ದೆ.

ಅವನು ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದ. ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತ. ಆದೇಶದ ಮಾತನ್ನೇ ಎತ್ತಲಿಲ್ಲ.

"ಉಡಿ ತುಂಬ್ಸೀದಿ, ಚಲೋ ಆಯ್ತವ್ವ. ಉಡಿ ತುಂಬ್ಸಿಕೊಂಡ ಮಗಳು ಒಂದು ಸರ್ತಿ ತವರುಮನಿಗಿ ಹೊಳ್ಳಿ ಬರಂಗಿಲ್ಲೇನು? ಬರ್ಲಾಕತ್ಯಾಳ. ಆಕಿಗಿ ಜಾಗಾ ಬಿಡಮು, ನಡಿ."

ಅವ್ವ ಕಂಬ ಬಿಟ್ಟಳು. ಬರುವವಳಿಗೆ ಕೂಡಲು ಒಂದು ಚಾಪೆ ಹಾಸಿ, ಅವನ ಹೆಗಲು ಹಿಡಿದು ದೋಣಿಗೆ ನಡೆದಳು. ನಾನು ಅವನ ಬೂಟು ಹಿಡಿದುಕೊಂಡು ಹಿಂದೆ ಹತ್ತಿದೆ. ಕತ್ತಲಾಗುವಷ್ಟರಲ್ಲಿ ನೀರು ಕಿಟಕಿ ಮುಟ್ಟಿತ್ತಂತೆ.

ಮಿಲ್ಟ್ರಿ ಮಗ ಕರೆದದ್ದಕ್ಕೆ ಮುದುಕಿ ಎದ್ದಳು ಎಂದು ಕಾಳಜಿ ಕೇಂದ್ರದಲ್ಲಿ ಹೆಂಗಸರು ಆಡಿಕೊಂಡರು. ವರ್ದಿಗೆ ಎದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ವರ್ದಿ ಸರ್ಕಾರ ಕೊಟ್ಟದ್ದು. ಆ ಮಾತನ್ನು ಅವನಿಗೆ ಯಾವ ಸರ್ಕಾರವೂ ಕೊಟ್ಟಿರಲಿಲ್ಲ. ದಿನವೂ ಅವಳ ಎದುರು ಕೂತು ಉಣ್ಣುತ್ತಿದ್ದವನು ನಾನು. ಅದು ನನಗೆ ಹೊಳೆಯಬೇಕಿತ್ತು.

ನೀರು ಇಳಿದ ಮೇಲೆ ತಮ್ಮ ಅವ್ವನನ್ನು ಬೀದರಿನ ನೌಬಾದದಲ್ಲಿರುವ ತನ್ನ ಮನೆಗೆ ಕರೆದುಕೊಂಡು ಹೋದ. ಗೋಡೆ ಒಣಗಲಿ, ಕಳಿಸುತ್ತೇನೆ ಅಂದಿದ್ದ. ಒಣಗಿ ಎಷ್ಟೋ ಕಾಲವಾಯಿತು. ಕೇಳಿದರೆ, ಅವಳೇ ಒಲ್ಲೆ ಅನ್ನುತ್ತಾಳೆ ಅನ್ನುತ್ತಾನೆ.

ಈಗ ನನ್ನ ಹತ್ತಿರ ಮೂರು ಎಕರೆ ಹೊಲ, ಒಂದು ಟ್ರ್ಯಾಕ್ಟರ್, ಎರಡು ಎಮ್ಮೆ, ಹೆಂಡತಿ, ಇಬ್ಬರು ಮಕ್ಕಳು, ಬಿರುಕು ಬಿಡದ ಒಂದು ಮನೆ ಇವೆ. ಅವ್ವ ತಮ್ಮನ ಹತ್ತಿರ ಇದ್ದಾಳೆ.